ಹೊಸದೋ, ಸೆಕೆಂಡ್ ಹ್ಯಾಂಡೋ: ಪಾಪ್-ಅಪ್ ಕ್ಯಾಂಪರ್ ಕೊಳ್ಳಲು ಹೊರಟ ಅಮೆರಿಕದ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಅಮೆರಿಕದ ಕನ್ನಡ ಕೂಟಗಳ ಗೆಳೆಯ ಗೆಳತಿಯರೇ,

ಯುಗಾದಿ ಕಾರ್ಯಕ್ರಮ ಮುಗಿದು ಬೇಸಿಗೆ ರಜೆಯ ಮಾತು ಶುರುವಾಯಿತೆಂದರೆ ನಮ್ಮ ಕೂಟಗಳಲ್ಲಿ ಈಚೆಗೆ ಒಂದು ಪ್ರಶ್ನೆ ತಪ್ಪದೆ ಬರುತ್ತಿದೆ: "ಈ ಸಲ ಒಂದು ಪಾಪ್-ಅಪ್ ತಗೊಳ್ಳೋಣ ಅಂತಿದ್ದೀವಿ. ಹೊಸದು ತಗೊಳ್ಳೋದಾ, ಸೆಕೆಂಡ್ ಹ್ಯಾಂಡಾ?" ಕೇಳಿದವರಿಗೆ ತಲೆಗೊಂದು ಉತ್ತರ ಸಿಗುತ್ತದೆ. ಶೋರೂಮಿನ ಹೊಳಪು ನೋಡಿ ಹತ್ತು ವರ್ಷದ ಸಾಲಕ್ಕೆ ಸಹಿ ಹಾಕಿದವರಿದ್ದಾರೆ. ಅಗ್ಗಕ್ಕೆ ಸಿಕ್ಕಿತೆಂದು ನೆಲಹಲಗೆ ಕೊಳೆತ ಗಾಡಿಯನ್ನು ಮನೆಗೆ ತಂದವರೂ ಇದ್ದಾರೆ. ಇಬ್ಬರಿಗೂ ಆದ ನಷ್ಟ ತಪ್ಪಿಸಬಹುದಾಗಿತ್ತು ಎಂಬ ಕಾರಣಕ್ಕೇ ಈ ಪತ್ರ.

ಮಿಷಿಗನ್‌ನಲ್ಲಿ ನೆಲೆಸಿರುವ ನಾನು ಪಾಪ್-ಅಪ್ ಎಳೆದುಕೊಂಡು ತಿರುಗುವವನು. ಗೆಳೆಯರು ಹಳೆಯ ಕ್ಯಾಂಪರ್ ನೋಡಲು ಹೊರಟಾಗ ಟಾರ್ಚ್ ಹಿಡಿದು ಜೊತೆಗೆ ಹೋಗುವವನು. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಕೊಳ್ಳುವ ಕುಟುಂಬಕ್ಕೆ ಐದರಿಂದ ಹತ್ತು ವರ್ಷ ಹಳೆಯ, ನೀರು ಸೋರದ, ಚೆನ್ನಾಗಿ ನೋಡಿಕೊಂಡ ಸೆಕೆಂಡ್ ಹ್ಯಾಂಡ್ ಪಾಪ್-ಅಪ್ಪೇ ಸರಿ. ಹೊಸದು ಸರಿಹೋಗುವ ಸಂದರ್ಭಗಳೂ ಇವೆ, ಅವನ್ನೂ ಹೇಳುತ್ತೇನೆ. ಆದರೆ ವಯಸ್ಸು, ಬೆಲೆ, ಬ್ರ್ಯಾಂಡ್ ಇವೆಲ್ಲಕ್ಕಿಂತ ಮುಂಚೆ ನೋಡಬೇಕಾದ್ದು ಎರಡೇ: ನಿಮ್ಮ ಕಾರು ಎಳೆಯಬಲ್ಲ ತೂಕ ಮತ್ತು ಆ ಗಾಡಿಯೊಳಗೆ ನೀರು ಮಾಡಿರುವ ಕೆಲಸ.

ನಮ್ಮಂಥವರ ಮನೆಗಳಿಗೆ ಪಾಪ್-ಅಪ್ ಯಾಕೆ ಹೊಂದುತ್ತದೆ ಎಂಬುದನ್ನು ಮೊದಲು ನೋಡೋಣ. ರಸ್ತೆಯಲ್ಲಿ ಹೋಗುವಾಗ ಅದು ಎದೆಮಟ್ಟದ ಒಂದು ಪೆಟ್ಟಿಗೆ. ಜಾಗ ಸೇರಿದ ಮೇಲೆ ಹಿಡಿಕೆ ತಿರುಗಿಸಿದರೆ ಚಾವಣಿ ಮೇಲೇಳುತ್ತದೆ. ಎರಡು ತುದಿಗಳಿಂದ ಹಾಸಿಗೆಗಳನ್ನು ಹೊರಗೆಳೆದರೆ ಸುತ್ತಲೂ ಕ್ಯಾನ್ವಾಸ್ ಗೋಡೆ ಬಿಗಿದುಕೊಳ್ಳುತ್ತದೆ. ಒಳಗೆ ಪುಟ್ಟ ಮೇಜು, ಒಲೆ, ಸಿಂಕು, ಕೆಲವುಗಳಲ್ಲಿ ಫ್ರಿಜ್ಜು, ಹೀಟರ್. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದ ಅಪ್ಪ ಅಮ್ಮನನ್ನು ಟೆಂಟಿನಲ್ಲಿ ನೆಲದ ಮೇಲೆ ಮಲಗಿಸಲಾಗದು, ಮಂಡಿನೋವು ಬಿಡುವುದಿಲ್ಲ. ಪಾಪ್-ಅಪ್‌ನಲ್ಲಿ ಊಟದ ಮೇಜನ್ನು ತಗ್ಗಿಸಿದರೆ ಅದೇ ಮಂಚವಾಗುತ್ತದೆ. ತುದಿಯ ಎತ್ತರದ ಹಾಸಿಗೆ ಹತ್ತಲಾಗದ ಹಿರಿಯರಿಗೆ ಅದು ಹೇಳಿ ಮಾಡಿಸಿದಂಥದು. ಮಕ್ಕಳು ಅತ್ತ ಕಡೆ, ನೀವು ಇತ್ತ ಕಡೆ. ಮೂರು ತಲೆಮಾರು ಒಂದೇ ಸೂರಿನಡಿ ಮಲಗಿ ಮಾತಾಡುವ ಅವಕಾಶ ಹೋಟೆಲಿನ ಎರಡು ಕೋಣೆಗಳಲ್ಲಿ ಸಿಗುವುದಿಲ್ಲ. ನನಗೆ ಈ ಗಾಡಿಯ ಮೇಲೆ ಇಷ್ಟು ಮಮತೆ ಇರುವುದು ಆ ಕಾರಣಕ್ಕೆ.

ಈಗ ಮಾರುಕಟ್ಟೆಯ ಕಡೆ ಬರೋಣ. ಅಮೆರಿಕದ ಕ್ಯಾಂಪರ್ ಉದ್ಯಮದ ತವರು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತಲ ಊರುಗಳು. ಅಲ್ಲೇ ಸಮೀಪದ ಮಿಡಲ್‌ಬರಿಯಲ್ಲಿ ಲಾಯ್ಡ್ ಬಾಂಟ್ರೇಗರ್ 1968ರಲ್ಲಿ ತಮ್ಮ ಜಮೀನಿನಲ್ಲಿ ಜೇಕೋ ಕಂಪನಿ ಶುರುಮಾಡಿದ್ದು ಮಡಚುವ ಕ್ಯಾಂಪರ್‌ಗಳಿಂದ. ಹಿಡಿಕೆ ತಿರುಗಿಸಿ ಚಾವಣಿ ಎತ್ತುವ ವ್ಯವಸ್ಥೆಯೇ ಅವರ ಬಂಡವಾಳ. ಕೋಲ್‌ಮನ್ ಹೆಸರಿನ ಪಾಪ್-ಅಪ್‌ಗಳೂ ದಶಕಗಳ ಕಾಲ ಮನೆಮಾತಾಗಿದ್ದವು. 1989ರಲ್ಲಿ ಆ ವಿಭಾಗವನ್ನು ಫ್ಲೀಟ್‌ವುಡ್ ಕೊಂಡಿತು. 2009ರಲ್ಲಿ ಫ್ಲೀಟ್‌ವುಡ್ ದಿವಾಳಿ ಅರ್ಜಿ ಹಾಕಿತು. ಜೇಕೋ ಕೂಡ ದೊಡ್ಡ ಟ್ರೈಲರ್‌ಗಳತ್ತ ಹೊರಳಿತು. ಇವತ್ತು ಹೊಸ ಪಾಪ್-ಅಪ್ ಬೇಕೆಂದರೆ ಫಾರೆಸ್ಟ್ ರಿವರ್ ಕಂಪನಿಯ ರಾಕ್‌ವುಡ್, ಫ್ಲ್ಯಾಗ್‌ಸ್ಟಾಫ್, ಗಟ್ಟಿ ಗೋಡೆಯ ತ್ರಿಕೋನಾಕಾರದ್ದು ಬೇಕೆಂದರೆ ಎ-ಲೈನರ್, ಹೀಗೆ ಕೆಲವೇ ಹೆಸರುಗಳು. ಹಳೆಯ ಗಾಡಿಗಳು ಮಾತ್ರ ಊರೂರಿನ ಡ್ರೈವ್‌ವೇಗಳಲ್ಲಿ, ಶೆಡ್ಡುಗಳಲ್ಲಿ ಲೆಕ್ಕವಿಲ್ಲದಷ್ಟು ನಿಂತಿವೆ. ಕಂಪನಿ ಮುಚ್ಚಿದೆ ಎಂದು ಹಳೆಯ ಹೆಸರುಗಳಿಗೆ ಹೆದರಬೇಕಿಲ್ಲ. ಕ್ಯಾನ್ವಾಸ್ ಹೊಲಿದುಕೊಡುವವರು, ಕೇಬಲ್ಲು, ರಾಟೆ, ವಿಂಚ್ ಮಾರುವವರು ಬೇರೆಯೇ ಇದ್ದಾರೆ. ಅಚ್ಚಿನಲ್ಲಿ ತೆಗೆದ ಚಾವಣಿ, ಬಾಗಿಲಿನಂಥ ಭಾಗ ಒಡೆದಿದ್ದರೆ ಮಾತ್ರ ಪರದಾಡಬೇಕಾಗುತ್ತದೆ.

ಇನ್ನು ತೂಕ. ನಮ್ಮವರ ಮನೆಗಳಲ್ಲಿ ಹೆಚ್ಚಾಗಿ ಇರುವುದು ಹೋಂಡಾ ಒಡಿಸ್ಸಿ ಅಥವಾ ಟೊಯೋಟಾ ಸಿಯೆನ್ನಾ. ಇವುಗಳ ಎಳೆಯುವ ಮಿತಿ 3,500 ಪೌಂಡ್. ಹೋಂಡಾ ಸಿಆರ್-ವಿಗೆ ಹೆಚ್ಚೆಂದರೆ 1,500 ಪೌಂಡ್. ಟೆಸ್ಲಾ ಮಾಡೆಲ್ ವೈಗೆ ಟೋಯಿಂಗ್ ಪ್ಯಾಕೇಜ್ ಇದ್ದರೆ 3,500, ಆದರೆ ಟ್ರೈಲರ್ ಕಟ್ಟಿದ ಮೇಲೆ ಒಂದು ಚಾರ್ಜಿಗೆ ಹೋಗುವ ದೂರ ಬಹಳ ಕಡಿಮೆಯಾಗುತ್ತದೆ. ಮಾರುವವರು ಹೇಳುವುದು ಖಾಲಿ ಗಾಡಿಯ ತೂಕ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಗಾಡಿಗೆ ಅಂಟಿಸಿರುವ ಪಟ್ಟಿಯಲ್ಲಿ ಜಿವಿಡಬ್ಲ್ಯುಆರ್ ಎಂದಿರುತ್ತದೆ. ಅದು ತುಂಬಿದ ಗಾಡಿಯ ಗರಿಷ್ಠ ತೂಕ, ನಿಮ್ಮ ಲೆಕ್ಕಕ್ಕೆ ಬೇಕಾದ್ದು ಅದು. 20 ಗ್ಯಾಲನ್ ನೀರು ತುಂಬಿಸಿದರೇ 165 ಪೌಂಡ್ ದಾಟುತ್ತದೆ. ಅದರ ಮೇಲೆ ಅಕ್ಕಿ, ಪಾತ್ರೆ, ಗ್ಯಾಸ್ ಸಿಲಿಂಡರ್, ಬ್ಯಾಟರಿ.

ಟ್ರೈಲರ್ ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಕಾರಿನ ಹಿಚ್ ಮೇಲೆ ಕೂರುತ್ತದೆ. 2,500 ಪೌಂಡಿನ ಗಾಡಿಯಾದರೆ 250 ಪೌಂಡಿನಿಂದ ಮೇಲೆ. ಆ ಭಾರ ಕಾರು ಹೊರಬಹುದಾದ ಒಟ್ಟು ಹೊರೆಯಲ್ಲೇ ಸೇರುತ್ತದೆ. ಅಜ್ಜ, ಅಜ್ಜಿ, ಇಬ್ಬರು ಮಕ್ಕಳು, ನೀವಿಬ್ಬರು, ಎಲ್ಲರ ಲಗೇಜು ಕೂಡಿಸಿ ನೋಡಿ, ಮಿನಿವ್ಯಾನ್ ಎಷ್ಟು ಬೇಗ ಸೋಲುತ್ತದೆ ಎಂಬುದು ಗೊತ್ತಾಗುತ್ತದೆ. ಕಾರಿನ ಬಾಗಿಲ ಚೌಕಟ್ಟಿನಲ್ಲಿರುವ ಸ್ಟಿಕ್ಕರನ್ನೂ ಮ್ಯಾನ್ಯುಯಲ್‌ನ ಟೋಯಿಂಗ್ ಪುಟವನ್ನೂ ಓದದೆ ಯಾವ ಗಾಡಿಗೂ ಮುಂಗಡ ಕೊಡಬೇಡಿ. ಬ್ರೇಕಿನ ಕಾನೂನು ರಾಜ್ಯಕ್ಕೊಂದು. ಹಲವು ರಾಜ್ಯಗಳಲ್ಲಿ 3,000 ಪೌಂಡ್ ಮೀರಿದರೆ ಟ್ರೈಲರ್‌ಗೆ ಅದರದೇ ಬ್ರೇಕ್ ಇರಬೇಕು, ಕ್ಯಾಲಿಫೋರ್ನಿಯಾದಲ್ಲಿ ಆ ಗಡಿ 1,500 ಪೌಂಡ್. ಕಾನೂನು ಕೇಳಲಿ ಬಿಡಲಿ, ಮಕ್ಕಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಹೋಗುವವರಿಗೆ ಎಲೆಕ್ಟ್ರಿಕ್ ಬ್ರೇಕ್ ಇರಲೇಬೇಕೆಂದು ನಾನು ಹೇಳುತ್ತೇನೆ.

ಹೊಸ ಗಾಡಿಯ ಲೆಕ್ಕ ಹೀಗೆ. 18,000 ಡಾಲರ್ ಸಾಲವನ್ನು ನೂರಕ್ಕೆ ಎಂಟರ ಬಡ್ಡಿಯಲ್ಲಿ ಹತ್ತು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 218 ಡಾಲರ್. ಕೇಳಲು ಹಗುರ. ಕೊನೆಗೆ ನೀವು ಕಟ್ಟಿರುವುದು 26,000ಕ್ಕೂ ಮೇಲೆ. ಇದರ ಜೊತೆಗೆ ಸೇಲ್ಸ್ ಟ್ಯಾಕ್ಸ್, ಸಾಗಣೆ ಶುಲ್ಕ, ಗಾಡಿ ಸಜ್ಜುಗೊಳಿಸಿದ ಶುಲ್ಕ, ಕಾಗದಪತ್ರದ ಶುಲ್ಕ. ಬೆಲೆ ಕೇಳುವಾಗ "ಎಲ್ಲ ಸೇರಿ ಕೈಗೆ ಬರುವ ಹೊತ್ತಿಗೆ ಎಷ್ಟು?" ಎಂದೇ ಕೇಳಿ, ಲಿಖಿತವಾಗಿ ಪಡೆಯಿರಿ. ಅತ್ತ ಗಾಡಿಯ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜೋರಾಗಿ ಕುಸಿಯುತ್ತದೆ. ಮೂರನೇ ಬೇಸಿಗೆಗೆ ಮಕ್ಕಳಿಗೆ ಸಾಕರ್, ಭರತನಾಟ್ಯ, ಕನ್ನಡ ಶಾಲೆ ಎಂದು ವಾರಾಂತ್ಯಗಳು ತುಂಬಿಹೋಗಿ ಮಾರಲು ಹೊರಟರೆ, ಬಂದ ಹಣದಲ್ಲಿ ಉಳಿದ ಸಾಲ ತೀರದು.

ಹೊಸದರ ದೊಡ್ಡ ಆಕರ್ಷಣೆ ವಾರಂಟಿ. ಸಾಮಾನ್ಯವಾಗಿ ಅದು ಒಂದು ವರ್ಷ. ಗಾಡಿ ಕೊಂಡದ್ದು ಏಪ್ರಿಲ್‌ನಲ್ಲಿ, ಒಂದು ಕಿಟಕಿಯ ಬಳಿ ಸೋರಿತು ಜೂನ್‌ನಲ್ಲಿ ಎಂದಿಟ್ಟುಕೊಳ್ಳಿ. ಡೀಲರ್ ಬಳಿ ಬಿಟ್ಟರೆ ರಿಪೇರಿ ಸರದಿ ಬರುವಷ್ಟರಲ್ಲಿ ಬೇಸಿಗೆ ಕಳೆದಿರುತ್ತದೆ. ಇದು ಒಬ್ಬ ಡೀಲರ್ ಕಥೆಯಲ್ಲ, ರಜೆಯ ತಿಂಗಳುಗಳಲ್ಲಿ ಎಲ್ಲ ಕಡೆಯೂ ಸರದಿ ಉದ್ದ. ಹೊಸದೇ ಕೊಂಡರೂ ಡೀಲರ್ ಅಂಗಳದಲ್ಲೇ ಪೂರ್ತಿ ಬಿಚ್ಚಿಸಿ. ಒಲೆ ಹಚ್ಚಿ, ಹೀಟರ್ ಓಡಿಸಿ, ನೀರು ತುಂಬಿಸಿ ಪಂಪು ನಡೆಸಿ, ಫ್ರಿಜ್ಜು ತಣ್ಣಗಾಗುವವರೆಗೆ ಕಾಯಿರಿ. ಎಲ್ಲ ಸರಿಯೆಂದು ಕಣ್ಣಾರೆ ಕಂಡ ಮೇಲೆ ಉಳಿದ ಹಣ ಕೊಡಿ. ಅರ್ಧ ದಿನ ಹಿಡಿದರೆ ಹಿಡಿಯಲಿ.

ಈಗ ಸೆಕೆಂಡ್ ಹ್ಯಾಂಡ್. ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಗೆಲ್ಲುವುದೂ ಸೋಲುವುದೂ ನೋಡುವ ಆ ಒಂದೆರಡು ಗಂಟೆಯಲ್ಲಿ.

ಮಲೆನಾಡಿನಲ್ಲಿ ಹಳೆಯ ಮನೆ ಕೊಳ್ಳುವವರು ಮಳೆಗಾಲದಲ್ಲೊಮ್ಮೆ ಅಟ್ಟ ಹತ್ತಿ ನೋಡುವ ಹಾಗೆ, ಹಳೆಯ ಪಾಪ್-ಅಪ್ಪನ್ನು ಜೋರು ಮಳೆ ಬಿದ್ದ ಮರುದಿನ ನೋಡಲು ಹೋಗಿ. ನೀವು ಬರುವ ಮುಂಚೆ ಬಿಚ್ಚಿ ಗಾಳಿಗೆ ಇಡಬೇಡಿ ಎಂದು ಫೋನಿನಲ್ಲೇ ಕೇಳಿಕೊಳ್ಳಿ. ಚಾವಣಿ ಒಂದು ಅಡಿ ಮೇಲೇಳುತ್ತಿದ್ದಂತೆ ಮೂಗು ಹತ್ತಿರ ಒಯ್ಯಿರಿ. ಬಟ್ಟೆಯ, ಹಳೆಯ ಫೋಮಿನ ವಾಸನೆ ಸಹಜ. ಬೂಷ್ಟಿನ ಕಮಟು ಬಂದರೆ ಆ ಗಾಡಿ ಒದ್ದೆಯಾಗಿದ್ದಾಗಲೇ ಮಡಚಿಟ್ಟದ್ದು. ಸುಗಂಧದ ಸ್ಪ್ರೇ ಘಮ್ಮೆಂದು ಬಂದರೆ ಇನ್ನೂ ಹೆಚ್ಚು ಅನುಮಾನಪಡಿ.

ಹಿಡಿಕೆಯನ್ನು ಮಾರುವವರ ಕೈಗೆ ಬಿಡದೆ ನೀವೇ ತಿರುಗಿಸಿ. ಒಂದೇ ಹದದಲ್ಲಿ ತಿರುಗಬೇಕು, ಕಟಕಟ ಎಂದು ಜಾರಬಾರದು. ಚಾವಣಿಯ ನಾಲ್ಕು ಮೂಲೆಗಳು ಒಂದೇ ಮಟ್ಟದಲ್ಲಿ ಏಳಬೇಕು. ಒಂದು ಮೂಲೆ ಹಿಂದೆ ಬಿದ್ದರೆ ಅಲ್ಲಿನ ಕೇಬಲ್ಲೋ ಸ್ಪ್ರಿಂಗೋ ಸೋತಿದೆ. ಪೂರ್ತಿ ಎತ್ತಿ, ಪೂರ್ತಿ ಇಳಿಸಿ, ಮತ್ತೊಮ್ಮೆ ಎತ್ತಿ. ಎತ್ತಿದ ಚಾವಣಿಯ ಕೆಳಗೆ ಆಧಾರದ ಕೋಲು ಕೊಡದೆ ಮಕ್ಕಳನ್ನು ಒಳಗೆ ಬಿಡಬೇಡಿ.

ಒಳಗೆ ಹೋದಮೇಲೆ ಚಪ್ಪಲಿ ಬಿಟ್ಟು ನಡೆಯಿರಿ. ಬಾಗಿಲ ಹತ್ತಿರ, ಸಿಂಕಿನ ಬುಡ, ನಾಲ್ಕು ಮೂಲೆ. ನೆಲ ಎಲ್ಲಿಯಾದರೂ ಕಾಲಡಿ ಮೆತ್ತಗೆ ತಗ್ಗಿದರೆ ಒಳಗಿನ ಹಲಗೆ ಕೊಳೆತಿದೆ. ಆಮೇಲೆ ಹಾಸಿಗೆಯ ಫೋಮ್ ಎತ್ತಿ ಕೆಳಗಿನ ಪ್ಲೈವುಡ್ ಅಂಚು ನೋಡಿ. ಕಪ್ಪು ಕಲೆ ಇದ್ದಲ್ಲಿ ಮಾಲೀಕರ ಅಪ್ಪಣೆ ಕೇಳಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಮರ ತಡೆಯುತ್ತದೆ, ಕೊಳೆತದ್ದು ಒಳಗೆ ಬಿಟ್ಟುಕೊಳ್ಳುತ್ತದೆ. ಟಾರ್ಚ್ ಹಿಡಿದು ಗಾಡಿಯ ಕೆಳಗೆ ಮಲಗಿ ನೆಲಹಲಗೆಯ ತಳವನ್ನೂ ಚಾಸಿಯ ತುಕ್ಕನ್ನೂ ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಚೆಲ್ಲುವ ನಮ್ಮ ಮಿಷಿಗನ್‌ನಂಥ ಕಡೆ ಇದು ಮುಖ್ಯ. ಕ್ಯಾನ್ವಾಸನ್ನು ಒಳಗಿನಿಂದ ಬಿಸಿಲಿಗೆ ಎದುರಾಗಿ ನೋಡಿದರೆ ಸಣ್ಣ ತೂತುಗಳು ನಕ್ಷತ್ರದಂತೆ ಬೆಳಗುತ್ತವೆ. ಒಂದೆರಡು ತೂತು, ಕೆಟ್ಟ ಜಿಪ್ ದೊಡ್ಡ ವಿಷಯವಲ್ಲ. ಇಡೀ ಬಟ್ಟೆ ಪುಡಿಯಾಗುವಷ್ಟು ಒಣಗಿದ್ದರೆ ಹೊಸದಕ್ಕೆ ಸಾವಿರ ಡಾಲರ್ ದಾಟುವ ಖರ್ಚು. ಚಾವಣಿಯ ಅಂಚು, ವೆಂಟ್ ಸುತ್ತ, ಸ್ಕ್ರೂಗಳ ಮೇಲೆ ಬೇಕಾಬಿಟ್ಟಿ ಮೆತ್ತಿದ ಸಿಲಿಕೋನ್ ಕಂಡರೆ ಅಲ್ಲಿ ಸೋರಿಕೆ ನಡೆದಿದೆ ಎಂದೇ ತಿಳಿಯಿರಿ. 1990ರ ದಶಕದ ಕೊನೆ ಮತ್ತು 2000ದ ದಶಕದ ಆರಂಭದ ಕೆಲವು ಮಾದರಿಗಳಿಗೆ ಎಬಿಎಸ್ ಪ್ಲಾಸ್ಟಿಕ್ಕಿನ ಒಂದೇ ತುಂಡಿನ ಚಾವಣಿ ಇತ್ತು, ಅದು ಬಿರುಕು ಬಿಡುವುದಕ್ಕೆ ಹೆಸರಾದದ್ದು. ಏಣಿ ಹಾಕಿ ಮೇಲಿನಿಂದ ನೋಡದೆ ಅಂಥದ್ದಕ್ಕೆ ಕೈ ಹಾಕಬೇಡಿ.

ಒಲೆ, ದೀಪ, ಪಂಪು ಕೆಟ್ಟಿದ್ದರೆ ಬೆಲೆ ಇಳಿಸಿ ಕೊಳ್ಳಬಹುದು. ಟೈರ್ ಹಳೆಯದಾಗಿದ್ದರೂ ಕೊಳ್ಳಬಹುದು. ನೆಲ, ಚಾವಣಿ ಅಥವಾ ಹಾಸಿಗೆಯ ಹಲಗೆ ಕೊಳೆತಿದ್ದರೆ ಉಚಿತವಾಗಿ ಕೊಟ್ಟರೂ ಬೇಡ. ಮರಗೆಲಸ ಬಲ್ಲವರಿಗೇ ಅದು ಇಡೀ ಬೇಸಿಗೆಯ ಕೆಲಸ.

ಟೈರ್ ನೋಡುವುದು ಸುಲಭ. ಪಕ್ಕದಲ್ಲಿ ಡಿಒಟಿ ಅಕ್ಷರಗಳ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟ್ರೈಲರ್ ಟೈರ್ ಸವೆಯುವ ಮುಂಚೆಯೇ ವಯಸ್ಸಾಗಿ ಸಾಯುತ್ತದೆ. ಐದಾರು ವರ್ಷ ದಾಟಿದ್ದರೆ ಹೊಸ ಟೈರಿನ ಹಣವನ್ನು ಬೆಲೆಯಲ್ಲಿ ಕಳೆಯಿರಿ, ಮೊದಲ ಪ್ರಯಾಣಕ್ಕೆ ಮುಂಚೆ ಬದಲಿಸಿ. ಚಕ್ರದ ಬೇರಿಂಗ್‌ಗೆ ಹಿಂದೆ ಯಾವಾಗ ಗ್ರೀಸ್ ತುಂಬಿಸಿದ್ದರು ಎಂದು ಕೇಳಿ. ವರ್ಷಕ್ಕೊಮ್ಮೆ ಆಗಬೇಕಾದ ಕೆಲಸ ಅದು. ಉತ್ತರ ತಡವರಿಸಿದರೆ ಮನೆಗೆ ತರುವ ದೂರ ಎಷ್ಟೇ ಇರಲಿ, ಮೊದಲು ಬೇರಿಂಗ್ ನೋಡಿಸಿ. ಗ್ಯಾಸ್ ಮತ್ತು ಕಾರ್ಬನ್ ಮಾನಾಕ್ಸೈಡ್ ಅಲಾರಂಗಳ ಹಿಂಭಾಗದಲ್ಲಿ ಅವಧಿ ಮುಗಿಯುವ ತಾರೀಖು ಇರುತ್ತದೆ. ಮುಗಿದಿದ್ದರೆ ಚೌಕಾಸಿಗೆ ಕೂರದೆ ಹೊಸದು ಹಾಕಿ. ಕೊನೆಗೆ ಕಾಗದಪತ್ರ: ಟೈಟಲ್ ಮೇಲಿನ ವಿಐಎನ್ ಸಂಖ್ಯೆ ಚಾಸಿಯ ಮೇಲಿನದಕ್ಕೆ ತಾಳೆಯಾಗಬೇಕು, ಸಾಲ ತೀರಿರಬೇಕು, ಮಾರುವವರ ಹೆಸರೇ ಅದರಲ್ಲಿರಬೇಕು.

ಇಷ್ಟೆಲ್ಲ ನೋಡಿ ಆರೇಳು ಸಾವಿರಕ್ಕೆ ಒಂದು ಒಳ್ಳೆಯ ಗಾಡಿ ಸಿಕ್ಕಿತೆನ್ನಿ. ಟೈರ್, ಬೇರಿಂಗ್, ಬ್ಯಾಟರಿ, ಬ್ರೇಕ್ ಕಂಟ್ರೋಲರ್‌ಗೆಂದು ಇನ್ನೊಂದೂವರೆ ಸಾವಿರ ಬೇರೆ ತೆಗೆದಿಡಿ. ಸಾಲವಿಲ್ಲ. ಎರಡು ಮೂರು ವರ್ಷ ಬಳಸಿ ಬೇಡವೆನಿಸಿದರೆ, ಒಣಗಿಸಿ ಜೋಪಾನ ಮಾಡಿದ್ದರೆ, ಕೊಟ್ಟ ಹಣದ ಬಹುಪಾಲು ಕೈಗೆ ಬರುತ್ತದೆ. ಮೊದಲ ಸಲದವರಿಗೆ ಸೆಕೆಂಡ್ ಹ್ಯಾಂಡ್ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನಿಮ್ಮ ಕುಟುಂಬಕ್ಕೆ ಯಾವ ಗಾತ್ರ ಬೇಕು, ಒಳಗೆ ಟಾಯ್ಲೆಟ್ ಬೇಕೇ ಬೇಡವೇ, ಅಡುಗೆ ಒಳಗೋ ಹೊರಗೋ ಎಂಬುದು ಬಳಸದೆ ತಿಳಿಯುವುದಿಲ್ಲ. ಕ್ಯಾನ್ವಾಸ್ ಗೋಡೆಯೊಳಗೆ ಒಗ್ಗರಣೆ ಹಾಕಿದರೆ ಎಣ್ಣೆಹೊಗೆ ಬಟ್ಟೆಗೆ ಹಿಡಿದು ಬಿಡುವುದೇ ಇಲ್ಲ. ನಮ್ಮ ಅಡುಗೆಯವರಿಗೆ ಗಾಡಿಯ ಹೊರಗೋಡೆಗೆ ಸಿಕ್ಕಿಸುವ ಒಲೆ ಬೇಕು. ಕರೆಂಟ್ ಇಲ್ಲದ ಜಾಗಗಳಲ್ಲಿ, ಉದಾಹರಣೆಗೆ ಸ್ಲೀಪಿಂಗ್ ಬೇರ್ ಡ್ಯೂನ್ಸ್‌ನ ಡಿ.ಎಚ್. ಡೇ ಕ್ಯಾಂಪ್‌ಗ್ರೌಂಡ್‌ನಲ್ಲಿ, ರೈಸ್ ಕುಕ್ಕರ್ ನಡೆಯುವುದಿಲ್ಲ. ಗ್ಯಾಸಿನ ಮೇಲೆ ಕುಕ್ಕರ್ ಕೂಗಿಸಬೇಕು. ಇಂಥವು ಗೊತ್ತಾದ ಮೇಲೆ ಕೊಳ್ಳುವ ಎರಡನೇ ಗಾಡಿ ಹೊಸದಾಗಿರಲಿ, ನನ್ನದೇನೂ ಅಡ್ಡಿಯಿಲ್ಲ.

ಹಾಗಾದರೆ ಮೊದಲ ಸಲವೇ ಹೊಸದು ಯಾರಿಗೆ? ಮಗುವಿಗೆ ಆಸ್ತಮಾ ಅಥವಾ ಬೂಷ್ಟಿನ ಅಲರ್ಜಿ ಇರುವವರಿಗೆ, ಏಕೆಂದರೆ ಹಳೆಯ ಫೋಮಿನೊಳಗೆ ಏನಿದೆಯೋ ಕಾಣುವುದಿಲ್ಲ. ಕಾರಿನ ಮಿತಿ ತೀರಾ ಕಡಿಮೆಯಿದ್ದು ಅದಕ್ಕೆ ಒಪ್ಪುವ ಹಗುರ ಗಾಡಿ ಹಳೆಯದರಲ್ಲಿ ಸಿಗದವರಿಗೆ. ವರ್ಷಕ್ಕೆ ನಾಲ್ಕೈದು ವಾರ ಹೋಗಿಯೇ ಹೋಗುತ್ತೇವೆ ಎಂದು ಬಾಡಿಗೆ ಗಾಡಿಯಲ್ಲಿ ಅನುಭವವಾಗಿರುವವರಿಗೆ. ನಗದು ಕೊಟ್ಟು ಕೊಂಡು ಹದಿನೈದು ವರ್ಷ ಇಟ್ಟುಕೊಳ್ಳುವವರಿಗೆ. ಇವರಿಗೆ ಹೊಸದು ದುಬಾರಿಯಾದರೂ ವ್ಯರ್ಥವಲ್ಲ.

ಯೆಲ್ಲೋಸ್ಟೋನ್ ಕನಸು ಹೊತ್ತವರಿಗೆ ಇನ್ನೊಂದು ಮಾತು. ಅಲ್ಲಿನ ಫಿಶಿಂಗ್ ಬ್ರಿಡ್ಜ್ ಆರ್‌ವಿ ಪಾರ್ಕಿನಲ್ಲಿ ಕರಡಿಗಳ ಕಾರಣಕ್ಕೆ ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಪ್ರವೇಶ. ಕ್ಯಾನ್ವಾಸಿನ ಪಾಪ್-ಅಪ್ ಹೊಸದಾದರೂ ಹಳೆಯದಾದರೂ ಅಲ್ಲಿ ನಡೆಯದು. ಕರಡಿ ಸೀಮೆಗೇ ಹೆಚ್ಚು ಹೋಗುವವರು ಗಟ್ಟಿ ಗೋಡೆಯ ತ್ರಿಕೋನದ ಗಾಡಿ ನೋಡಲಿ, ಆದರೆ ಅದರಲ್ಲಿ ಮಲಗಲು ಜಾಗ ಕಡಿಮೆ ಎಂಬುದೂ ನೆನಪಿರಲಿ.

ಕೊಳ್ಳುವ ಮುನ್ನ ನಿಮ್ಮ ಬಡಾವಣೆಯ ಎಚ್‌ಒಎ ನಿಯಮ ಓದಿ. ಡ್ರೈವ್‌ವೇಯಲ್ಲಿ ಟ್ರೈಲರ್ ನಿಲ್ಲಿಸಲು ಬಿಡದ ಬಡಾವಣೆಗಳು ಬಹಳ. ಗ್ಯಾರೇಜಿನ ಉದ್ದ ಅಳೆಯುವಾಗ ಗಾಡಿಯ ಮುಂದಿನ ಮೂಕಿಯನ್ನೂ ಸೇರಿಸಿ. ಮಳೆಯಲ್ಲಿ ಮಡಚಿ ತಂದ ಕ್ಯಾನ್ವಾಸನ್ನು ಒಂದೆರಡು ದಿನದೊಳಗೆ ಬಿಚ್ಚಿ ಒಣಗಿಸಲೇಬೇಕು, ಅದಕ್ಕೂ ಜಾಗ ಬೇಕು. ಒಣಗಿಸಲು ಜಾಗವಿಲ್ಲದವರು ಯಾವ ಪಾಪ್-ಅಪ್ಪನ್ನೂ ಕೊಳ್ಳಬಾರದು. ಔಟ್‌ಡೋರ್ಸಿ, ಆರ್‌ವಿಶೇರ್‌ನಂಥ ಕಡೆ ಬಾಡಿಗೆಗೆ ಪಡೆದು ಹೋಗಿಬರುವುದೇ ಒಳ್ಳೆಯದು. ಕೊಳ್ಳುವವರೂ ಮೊದಲು ಒಂದು ವಾರಾಂತ್ಯ ಬಾಡಿಗೆಯದರಲ್ಲಿ ಇದ್ದು ನೋಡಲಿ. ಖರೀದಿಗೆ ಏಪ್ರಿಲ್, ಮೇ ಬೇಡ, ಆಗ ಎಲ್ಲರೂ ಹುಡುಕುತ್ತಿರುತ್ತಾರೆ. ಸೆಪ್ಟೆಂಬರ್ ಕೊನೆಯಿಂದ ಹಿಮ ಬೀಳುವವರೆಗೆ, ಚಳಿಗಾಲಕ್ಕೆ ಇಡಲು ಜಾಗವಿಲ್ಲದವರು ಬೆಲೆ ಇಳಿಸುತ್ತಾರೆ.

ಕೂಟಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಬಿನ್ನಹ. ನಮ್ಮಲ್ಲಿ ಎಂಜಿನಿಯರುಗಳಿಗೆ ಬರವಿಲ್ಲ, ಟ್ರೈಲರ್ ಕಟ್ಟಿ ಪಳಗಿದವರೂ ಪ್ರತಿ ಊರಲ್ಲಿ ಒಬ್ಬಿಬ್ಬರಾದರೂ ಇದ್ದಾರೆ. ಅವರ ಹೆಸರು ಕೂಟದವರಿಗೆ ಗೊತ್ತಿರಲಿ. ಬೇಸಿಗೆಯ ಪಿಕ್ನಿಕ್ಕಿಗೆ ಅವರು ತಮ್ಮ ಗಾಡಿ ತಂದು ಬಿಚ್ಚಿ ತೋರಿಸಲಿ. ಹಿಚ್ ಕಟ್ಟುವುದು, ರಿವರ್ಸ್ ತೆಗೆಯುವುದು, ಬೇರಿಂಗ್ ನೋಡುವುದನ್ನು ಹೊಸಬರಿಗೆ ಕಲಿಸಲಿ. ಗಾಡಿ ನೋಡಲು ಹೋಗುವ ಹೊಸ ಕುಟುಂಬದ ಜೊತೆ ಒಬ್ಬ ತಿಳಿದವರು ಹೋದರೆ ಸಾವಿರಾರು ಡಾಲರ್ ಉಳಿಯುತ್ತದೆ, ಅದಕ್ಕಿಂತ ಹೆಚ್ಚಾಗಿ ಒಂದು ಕುಟುಂಬದ ಮೊದಲ ಬೇಸಿಗೆ ಕೆಡುವುದು ತಪ್ಪುತ್ತದೆ.

ಕೊಳ್ಳಲು ಹೊರಟವರೇ, ಈ ವಾರ ಕಾರಿನ ಮ್ಯಾನ್ಯುಯಲ್ ತೆಗೆದು ಎಳೆಯುವ ಮಿತಿಯನ್ನು ಬರೆದಿಟ್ಟುಕೊಳ್ಳಿ. ಕೊಳೆತ ಹಲಗೆ ಕಂಡಲ್ಲಿ ಎಷ್ಟೇ ಅಗ್ಗವಾದರೂ ಕೈಮುಗಿದು ಹಿಂದಿರುಗಿ. ಒಣಗಿದ, ಗಟ್ಟಿಯಾದ ಹಳೆಯ ಗಾಡಿ ಸಿಗುವವರೆಗೆ ಕಾಯಿರಿ, ಹುಡುಕಿದವರಿಗೆ ಸಿಕ್ಕೇ ಸಿಗುತ್ತದೆ.

ಇಂತಿ ನಿಮ್ಮವ,
ಮಿಷಿಗನ್‌ನ ಒಬ್ಬ ಕನ್ನಡಿಗ